ಮನೆಮಂದಿಯ ಪಟ

ಮಲೆನಾಡಿನ ಹಳೆಯ ಮನೆಯ ಜಗಲಿಯನ್ನು ಹತ್ತಿದವರ ದೃಷ್ಟಿ ಸಾಮಾನ್ಯವಾಗಿ ಗೋಡೆಯ ಮೇಲಿನ ಪಟಗಳ ಸಾಲಿನತ್ತ ಹೊರಳುತ್ತದೆ. ಶಾರದಾಂಬೆಯ ಪಟ, ಕುಲದೇವರ ಪಟ, ಗುರುಗಳ ಪಟ. ಅವುಗಳ ಪಕ್ಕದಲ್ಲಿಯೇ ಮಾಸಲು ಬಣ್ಣದ ಒಂದು ಗುಂಪುಚಿತ್ರ. ನಡುವೆ ಎರಡು ಕುರ್ಚಿಗಳಲ್ಲಿ ಮನೆಯ ಹಿರಿಯ ದಂಪತಿಗಳು. ಹಿಂದೆ ಗಂಡುಮಕ್ಕಳು, ಸೊಸೆಯಂದಿರು. ಮುಂದೆ ಚಾಪೆಯ ಮೇಲೆ ಮೊಮ್ಮಕ್ಕಳು. ಯಾರ ಮುಖದಲ್ಲಿಯೂ ನಗುವಿಲ್ಲ. ಎಲ್ಲರ ಕಣ್ಣುಗಳೂ ಒಂದೇ ಕಡೆಗೆ ನೆಟ್ಟಿವೆ. ದೇವರ ಸಾಲಿನಲ್ಲಿ ಮನುಷ್ಯರಿಗೂ ಒಂದು ಸ್ಥಾನವನ್ನು ದೊರಕಿಸಿಕೊಟ್ಟ ಈ ಪಟವನ್ನು ತೆಗೆದವನು ಪೇಟೆಯ ಛಾಯಾಗ್ರಾಹಕ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತಹ ಸಣ್ಣ ಪೇಟೆಗಳಲ್ಲಿದ್ದುಕೊಂಡು ಅವನು ಮಾಡಿದ ಕೆಲಸದ ಬೆಲೆಯನ್ನು ನಾವು ಇನ್ನೂ ಸರಿಯಾಗಿ ತೂಗಿ ನೋಡಿಲ್ಲವೆಂದೇ ನನ್ನ ಭಾವನೆ.

ಛಾಯಾಗ್ರಹಣ ಬರುವ ಮೊದಲು ತನ್ನ ಮುಖವನ್ನು ಮುಂದಿನ ತಲೆಮಾರಿಗೆ ಉಳಿಸಿ ಹೋಗುವ ಭಾಗ್ಯ ಅರಸರಿಗೂ ಸಿರಿವಂತರಿಗೂ ಮಾತ್ರ ಇತ್ತು. ಚಿತ್ರಗಾರನನ್ನು ಕರೆಸಿ ಅವನ ಮುಂದೆ ದಿನಗಟ್ಟಲೆ ಕುಳಿತಿರಲು ಬೇಕಾದ ಹಣವಾಗಲಿ ಬಿಡುವಾಗಲಿ ದುಡಿದುಣ್ಣುವ ಜನರಿಗೆ ಎಲ್ಲಿಂದ ಬರಬೇಕು? ೧೮೩೯ರಲ್ಲಿ ಫ್ರಾನ್ಸಿನ ಡಾಗೇರ್, ಇಂಗ್ಲೆಂಡಿನ ಟಾಲ್ಬಟ್ ಇವರಿಬ್ಬರೂ ಬೆಳಕಿನಿಂದಲೇ ಚಿತ್ರವನ್ನು ಮೂಡಿಸುವ ತಮ್ಮ ತಮ್ಮ ವಿಧಾನಗಳನ್ನು ಲೋಕಕ್ಕೆ ತಿಳಿಸಿದರು. ಸ್ವಲ್ಪ ಕಾಲದಲ್ಲಿಯೇ ಆ ವಿದ್ಯೆ ಭಾರತಕ್ಕೂ ಬಂದಿತು. ೧೮೮೮ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಕೈಕ್ಯಾಮರಾವನ್ನು ಮಾರಾಟಕ್ಕೆ ತಂದ ಮೇಲೆ ಭಾರವಾದ ಗಾಜಿನ ಫಲಕಗಳ ಸ್ಥಾನವನ್ನು ಸುರುಳಿ ಫಿಲ್ಮು ಕ್ರಮೇಣ ಆಕ್ರಮಿಸಿತು. ನಮ್ಮ ದೇಶದಲ್ಲಿಯೇ ೧೯೬೭ರಲ್ಲಿ ನೀಲಗಿರಿಯ ಉದಕಮಂಡಲದ ಸರ್ಕಾರಿ ಕಾರ್ಖಾನೆಯಲ್ಲಿ ಫಿಲ್ಮಿನ ಉತ್ಪಾದನೆ ಪ್ರಾರಂಭವಾಯಿತು. ‘ಇಂದು’ ಎಂಬ ಹೆಸರಿನ ಅದರ ಫಿಲ್ಮು ಮತ್ತು ಕಾಗದ ಊರೂರುಗಳ ಸ್ಟುಡಿಯೊಗಳನ್ನು ಮುಟ್ಟಿದವು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೆ ಅರಮನೆಯ ಗೋಡೆಗೆ ಮೀಸಲಾಗಿದ್ದ ಭಾವಚಿತ್ರ ರೈತನ ಜಗಲಿಗೆ ಬಂದದ್ದು ಹೀಗೆ.

ಫಿಲ್ಮಿನಲ್ಲಿ ಚಿತ್ರ ತೆಗೆಯುವುದೆಂದರೆ ಮಿತವ್ಯಯದ ಒಂದು ವ್ರತ. ಬೆಳ್ಳಿಯ ಲವಣಗಳನ್ನು ಜೆಲಟಿನ್ ಎಂಬ ಅಂಟಿನಲ್ಲಿ ಬೆರೆಸಿ ತೆಳುವಾದ ಪಟ್ಟಿಯ ಮೇಲೆ ಲೇಪಿಸಿದರೆ ಅದು ಫಿಲ್ಮು. ಸ್ಟುಡಿಯೊದವರು ಹೆಚ್ಚಾಗಿ ಬಳಸುತ್ತಿದ್ದ ಅಗಲವಾದ ಸುರುಳಿಯಲ್ಲಿ ಆರು ಸೆಂಟಿಮೀಟರು ಚದರದ ಹನ್ನೆರಡು ಚಿತ್ರಗಳಿಗೆ ಮಾತ್ರ ಎಡೆ. ಹದಿಮೂರನೆಯದು ಬೇಕೆಂದರೆ ಇನ್ನೊಂದು ಸುರುಳಿ ಬೇಕು. ತೆಗೆದ ಚಿತ್ರ ಹೇಗೆ ಬಂದಿದೆಯೆಂದು ಅಲ್ಲಿಯೇ ನೋಡುವಂತೆಯೂ ಇಲ್ಲ. ಇಪ್ಪತ್ತು ಜನರ ಕುಟುಂಬದಲ್ಲಿ ಒಬ್ಬರು ಕಣ್ಣು ಮುಚ್ಚಿದರೆ, ಒಂದು ಮಗು ತಲೆ ತಿರುಗಿಸಿದರೆ, ಆ ತಪ್ಪು ಶಾಶ್ವತ. ಆದುದರಿಂದ ಗುಂಡಿಯನ್ನು ಒತ್ತುವ ಮೊದಲೇ ಛಾಯಾಗ್ರಾಹಕನು ಚಿತ್ರವನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಕಂಡಿರಬೇಕಾಗಿತ್ತು.

ಮಲೆನಾಡಿನಲ್ಲಿ ಈ ಕೆಲಸ ಇನ್ನೂ ಕಠಿಣವಾದುದು. ಶೃಂಗೇರಿಯ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ಹಗಲಿನಲ್ಲಿಯೂ ಮಬ್ಬು ಕವಿದಿರುತ್ತದೆ. ಅಡಕೆಯ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ, ಮದುವೆ ಮುಂಜಿಗಳು ನಡೆಯುವ ಬಿಸಿಲುಕಾಲವೇ ಮನೆಮಂದಿಯ ಪಟಕ್ಕೂ ಸುಗ್ಗಿಯ ಕಾಲ. ಆದರೆ ಬಿಸಿಲಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ನಡುಹಗಲಿನ ಬಿಸಿಲಿನಲ್ಲಿ ನಿಲ್ಲಿಸಿದರೆ ಕಣ್ಣುಗಳ ಗುಳಿಯಲ್ಲಿ ಕಪ್ಪು ನೆರಳು ಬೀಳುತ್ತದೆ. ಅಡಕೆಮರಗಳ ಕೆಳಗೆ ನಿಲ್ಲಿಸಿದರೆ ಮುಖಗಳ ಮೇಲೆ ಬಿಸಿಲಿನ ಚುಕ್ಕೆಗಳು ಕೂರುತ್ತವೆ. ಅನುಭವಿಯಾದವನು ಮನೆಯ ಅಂಗಳದಲ್ಲಿ, ಮಾಡಿನ ನೆರಳು ಮುಗಿದು ಆಕಾಶದ ಬೆಳಕು ಮೆಲ್ಲನೆ ಇಳಿಯುವ ಅಂಚನ್ನು ಹುಡುಕುತ್ತಿದ್ದ. ಅಲ್ಲಿ ಕುರ್ಚಿಗಳನ್ನು ಇಡಿಸುತ್ತಿದ್ದ.

ಕುರ್ಚಿಗಳನ್ನು ಇಟ್ಟ ಮೇಲೆ ಯಾರು ಎಲ್ಲಿ ಎಂಬ ಪ್ರಶ್ನೆ. ಅಜ್ಜ ಎಲ್ಲಿ ಕೂರಬೇಕು, ಹಿರಿಯ ಮಗ ಯಾರ ಬೆನ್ನಿಗೆ ನಿಲ್ಲಬೇಕು, ತವರಿಗೆ ಬಂದ ಮಗಳ ಸ್ಥಾನ ಯಾವುದು ಎಂಬುದನ್ನು ನಿರ್ಧರಿಸುವಾಗ ಛಾಯಾಗ್ರಾಹಕನು ಆ ಕುಟುಂಬದ ಮಾನಮರ್ಯಾದೆಗಳನ್ನೆಲ್ಲ ಅರಿತಿರಬೇಕಾಗಿತ್ತು. ಪಟ ತೆಗೆಸಿಕೊಂಡರೆ ಆಯುಸ್ಸು ಕುಂದುತ್ತದೆಂದು ಹೆದರುವ ಅಜ್ಜಿಯನ್ನು ಒಪ್ಪಿಸಬೇಕು. ಮೂವರು ಮಾತ್ರ ನಿಂತರೆ ಅಶುಭವೆನ್ನುವವರಿಗೆ ನಾಲ್ಕನೆಯವರನ್ನು ಹುಡುಕಿಕೊಡಬೇಕು. ಮುನಿಸಿಕೊಂಡ ಅಣ್ಣತಮ್ಮಂದಿರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಬೇಕು. ಒಂದು ಕ್ಷಣದ ಮಟ್ಟಿಗಾದರೂ ಇಡೀ ಮನೆ ಮಾತನ್ನು ನಿಲ್ಲಿಸಿ, ಉಸಿರನ್ನು ಬಿಗಿಹಿಡಿದು, ಒಂದಾಗಿ ನಿಲ್ಲುತ್ತಿತ್ತು. ಆ ಮುಖಗಳಲ್ಲಿ ನಗು ಕಾಣದಿರುವುದಕ್ಕೆ ಅಂದಿನವರ ಬಾಳಿನಲ್ಲಿ ಸಂತೋಷವಿರಲಿಲ್ಲವೆಂಬುದು ಕಾರಣವಲ್ಲ. ಅದನ್ನು ಅವರು ಗಂಭೀರವಾದ ಒಂದು ಕಾರ್ಯವೆಂದು ಭಾವಿಸಿದ್ದರು.

ಉಳಿದ ಕೆಲಸ ನಡೆಯುತ್ತಿದ್ದುದು ಕತ್ತಲಕೋಣೆಯಲ್ಲಿ. ಫಿಲ್ಮನ್ನು ಗಾಢಾಂಧಕಾರದಲ್ಲಿ ಸಂಸ್ಕರಿಸಬೇಕು. ಕಾಗದದ ಮೇಲೆ ಮುದ್ರಿಸುವಾಗ ಮಾತ್ರ ಮಂದವಾದ ಕೆಂಪು ದೀಪಕ್ಕೆ ಅವಕಾಶ. ದ್ರಾವಣದಲ್ಲಿ ಮುಳುಗಿಸಿದ ಬಿಳಿಯ ಕಾಗದದ ಮೇಲೆ ಮೊದಲು ಸೀರೆಯ ಅಂಚು, ಆಮೇಲೆ ಮೀಸೆ, ಆಮೇಲೆ ಕಣ್ಣುಗಳು ಒಂದೊಂದಾಗಿ ಮೂಡಿಬರುತ್ತಿದ್ದವು. ಮೂಡಿದ ಚಿತ್ರವನ್ನು ನಿಲ್ಲಿಸುವುದು ಹೈಪೋ ಎಂಬ ಲವಣದ ದ್ರಾವಣ. ಅದರ ಈ ಉಪಯೋಗವನ್ನು ತೋರಿಸಿಕೊಟ್ಟವನು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಆ ಲವಣ ಕಾಗದದಲ್ಲಿ ಉಳಿದರೆ ಚಿತ್ರ ವರ್ಷಗಳು ಕಳೆದಂತೆ ಹಳದಿಗಟ್ಟಿ ಅಳಿಯುತ್ತದೆ. ಆದುದರಿಂದ ಶುದ್ಧವಾದ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಇಂದಿಗೂ ಕಪ್ಪು ಬಿಳುಪು ಮಾಸದೆ ಉಳಿದಿರುವ ಹಳೆಯ ಪಟವನ್ನು ಕಂಡಾಗ, ಗಿರಾಕಿಯ ಕಣ್ಣಿಗೆ ಬೀಳದ ಕಡೆಯಲ್ಲಿ ಒಬ್ಬನು ತಾಳ್ಮೆಯಿಂದ ಅದನ್ನು ತೊಳೆದಿದ್ದನೆಂಬುದನ್ನು ನೆನೆಯಬೇಕು.

ಈ ಪಟಗಳ ನಿಜವಾದ ಬೆಲೆ ಮನೆಗೆ ಸಾವು ಬಂದಾಗ ತಿಳಿಯುತ್ತಿತ್ತು. ಬದುಕಿದ್ದಾಗ ಒಂಟಿಯಾಗಿ ಭಾವಚಿತ್ರ ತೆಗೆಸಿಕೊಂಡವರು ಕಡಿಮೆ. ತಾಯಿ ತೀರಿಕೊಂಡ ಮೇಲೆ ಮಗನು ಯಾವುದೋ ಮದುವೆಯ ಗುಂಪುಚಿತ್ರವನ್ನು ಎದೆಗೆ ಅವಚಿಕೊಂಡು ಸ್ಟುಡಿಯೊಗೆ ಬರುತ್ತಿದ್ದ. ಹಿಂದಿನ ಸಾಲಿನಲ್ಲಿ ಕಡಲೆಕಾಳಿನಷ್ಟಿದ್ದ ಮುಖವನ್ನು ಬೆರಳಿನಿಂದ ತೋರಿಸಿ, ‘ಇವರೇ ನಮ್ಮ ಅಮ್ಮ, ದೊಡ್ಡದು ಮಾಡಿಕೊಡಿ’ ಎನ್ನುತ್ತಿದ್ದ. ಛಾಯಾಗ್ರಾಹಕನು ಆ ಮುಖವನ್ನು ಹಿಗ್ಗಿಸಿ, ಮಸುಕಾದ ಗೆರೆಗಳನ್ನು ಪೆನ್ಸಿಲಿನಿಂದಲೂ ಸಣ್ಣ ಕುಂಚದಿಂದಲೂ ತಿದ್ದಿ, ಚೌಕಟ್ಟು ಹಾಕಿ ಕೊಡುತ್ತಿದ್ದ. ತಾಯಿಯ ಮುಖವನ್ನು ಮಗನಿಗೆ ಎರಡನೆಯ ಸಲ ಕೊಟ್ಟ ಆ ಕೈಗಳನ್ನು ಬರಿಯ ವ್ಯಾಪಾರಿಯ ಕೈಗಳೆನ್ನಲು ನನಗೆ ಮನಸ್ಸು ಬಾರದು.

ವ್ಯಕ್ತಿಗಳಂತೆಯೇ ಸ್ಥಳಗಳೂ ಮರೆಯಾಗುತ್ತವೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಲಕ್ಕವಳ್ಳಿಯ ಬಳಿ ಭದ್ರಾನದಿಗೆ ಅಣೆಕಟ್ಟನ್ನು ಕಟ್ಟಿದಾಗ ಅದರ ಹಿನ್ನೀರಿನಲ್ಲಿ ನರಸಿಂಹರಾಜಪುರದ ಸೀಮೆಯ ಹಳ್ಳಿಗಳೂ ಗದ್ದೆಗಳೂ ಮುಳುಗಿದವು. ಬಯಲುನಾಡಿನ ಹೊಲಗಳಿಗೆ ನೀರು ದೊರೆಯಿತು. ಅಲ್ಲಿದ್ದವರಿಗೆ ಊರು ಇಲ್ಲವಾಯಿತು. ಅಂತಹ ಒಂದು ಮನೆಯ ಅಂಗಳದಲ್ಲಿ ತೆಗೆದ ಚಿತ್ರ ಎಲ್ಲಿಯಾದರೂ ಉಳಿದಿದ್ದರೆ, ಮುಖಗಳ ಹಿಂದೆ ಕಾಣುವ ಕಂಬ, ತುಳಸಿಕಟ್ಟೆ, ಬಾಗಿಲುವಾಡಗಳು ಆ ಊರಿನ ಬೆಲೆಕಟ್ಟಲಾಗದ ಸಾಕ್ಷಿಗಳಾಗುತ್ತವೆ. ತೆಗೆದವನು ಚರಿತ್ರೆಯನ್ನು ಬರೆಯಲು ಹೋದವನಲ್ಲ. ಆದರೂ ಅವನ ಹಿನ್ನೆಲೆಯಲ್ಲಿ ಚರಿತ್ರೆ ತಾನಾಗಿ ಬಂದು ನಿಂತಿತು.

ಇಷ್ಟು ಹೇಳಿದ ಮೇಲೆ ಆ ಪಟಗಳ ಕೊರತೆಯನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಪಟದಲ್ಲಿ ಯಾರಿದ್ದಾರೆಂದು ಎಣಿಸುವಂತೆ ಯಾರಿಲ್ಲವೆಂದೂ ಕೇಳಬೇಕು. ಕುರ್ಚಿಗಳನ್ನು ಅಂಗಳಕ್ಕೆ ಹೊತ್ತು ತಂದ ಆಳು ಅದರಲ್ಲಿ ಇಲ್ಲ. ಮಂಗಳಕಾರ್ಯದಲ್ಲಿ ಎದುರಿಗೆ ಬರಬಾರದೆಂಬ ಕಟ್ಟಿಗೆ ಒಳಗಾಗಿ ಅಡಿಗೆಮನೆಯಲ್ಲಿಯೇ ಉಳಿದ ವಿಧವೆ ಅತ್ತೆ ಅದರಲ್ಲಿ ಇಲ್ಲ. ಕಾಫಿ ತೋಟದ ಲೈನು ಮನೆಗಳಲ್ಲಿ ಬಾಳಿದ ಎಷ್ಟೋ ಮಂದಿಗೆ ಪಟದ ಖರ್ಚು ಒಂದು ವಾರದ ಅನ್ನವನ್ನು ಕಸಿಯುವಂತಹುದು. ೧೯೯೩ರಲ್ಲಿ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿ ಕೊಡಬೇಕೆಂದು ಆಜ್ಞೆ ಮಾಡಿದ ಮೇಲೆಯೇ ಮೊದಲ ಬಾರಿಗೆ ಕ್ಯಾಮರಾದ ಎದುರು ಕುಳಿತ ವೃದ್ಧರು ನಮ್ಮ ನಾಡಿನಲ್ಲಿ ಇದ್ದರು. ಅವರಿಗೆ ದೊರೆತದ್ದು ಅಂಗುಲದಷ್ಟು ಮುಖ ಮಾತ್ರ. ಮನೆಮಂದಿಯ ನಡುವೆ ಕುಳಿತ ಪಟವಲ್ಲ. ಫಿಲ್ಮಿನ ಕಾಲವನ್ನು ಹೊಗಳುವವರು ಇದನ್ನು ಮರೆಯಬಾರದು.

ಈ ದೃಷ್ಟಿಯಿಂದ ನೋಡಿದರೆ ಇಂದಿನ ಕಾಲ ಉದಾರವಾದುದು. ೧೯೭೫ರಲ್ಲಿ ಕೊಡಕ್ ಸಂಸ್ಥೆಯಲ್ಲಿಯೇ ಫಿಲ್ಮಿಲ್ಲದ ಮೊದಲ ಡಿಜಿಟಲ್ ಕ್ಯಾಮರಾ ಸಿದ್ಧವಾಯಿತು. ಮುಂದೆ ಅದೇ ವಿದ್ಯೆಯ ಹೊಡೆತಕ್ಕೆ ಸಿಕ್ಕಿ ೨೦೧೨ರಲ್ಲಿ ಆ ಸಂಸ್ಥೆ ದಿವಾಳಿಯಾಯಿತೆಂದು ನ್ಯಾಯಾಲಯದ ರಕ್ಷಣೆಯನ್ನು ಬೇಡಬೇಕಾಯಿತು. ಇಂದು ಕೂಲಿಯವನ ಮಗಳೂ ತನ್ನ ಅಜ್ಜಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಬಲ್ಲಳು. ಇದು ಮಹತ್ತರವಾದ ಲಾಭ. ‘ಹಾಗಾದರೆ ಹಳೆಯದಕ್ಕಾಗಿ ಹಲುಬುವುದೇಕೆ?’ ಎಂದು ನೀವು ಕೇಳಬಹುದು. ಫಿಲ್ಮು ಹೋಯಿತೆಂದು ನಾನು ಹಲುಬುತ್ತಿಲ್ಲ. ಹನ್ನೆರಡೇ ಚಿತ್ರಗಳಿದ್ದಾಗ ಮನುಷ್ಯನು ತೋರಿದ ಎಚ್ಚರ ಹನ್ನೆರಡು ಸಾವಿರವಾದಾಗ ಮಾಯವಾಯಿತಲ್ಲ ಎಂಬುದು ನನ್ನ ವ್ಯಥೆ. ಒಂದೇ ಪಟವಿದ್ದ ಮನೆಯಲ್ಲಿ ಮಕ್ಕಳಿಗೆ ಅದರ ಪ್ರತಿಯೊಂದು ಮುಖವೂ ಬಾಯಿಪಾಠವಾಗಿತ್ತು. ಸಾವಿರಾರು ಚಿತ್ರಗಳಿರುವ ಮೊಬೈಲು ಒಂದು ದಿನ ನೀರಿಗೆ ಬಿದ್ದರೆ, ಅದರಲ್ಲಿ ಏನೇನಿತ್ತೆಂದು ಹೇಳುವುದಕ್ಕೂ ಎಷ್ಟೋ ಮನೆಗಳಲ್ಲಿ ಸಾಧ್ಯವಾಗದು.

ಅತ್ತ ಹಳೆಯ ಪಟಗಳೂ ಕ್ಷೇಮವಾಗಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಸಾಮಾನ್ಯ ಜನರ ಬಾಳನ್ನು ತಮ್ಮ ಕ್ಯಾಮರಾದಿಂದ ಸೆರೆಹಿಡಿದು ೧೯೭೭ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಅಂತಹವರ ಚಿತ್ರಗಳು ಗ್ರಂಥಗಳಲ್ಲಿ ಉಳಿದಿವೆ. ಪೇಟೆಯ ಛಾಯಾಗ್ರಾಹಕನ ನೆಗೆಟಿವುಗಳಿಗೆ ಆ ಭಾಗ್ಯವೆಲ್ಲಿ? ಅಂಗಡಿ ಮುಚ್ಚಿದಾಗ ಅವು ಅಟ್ಟವನ್ನು ಸೇರುತ್ತವೆ, ಇಲ್ಲವೆ ತಿಪ್ಪೆಯನ್ನು ಸೇರುತ್ತವೆ. ಮಲೆನಾಡಿನ ತೇವವೇ ಅವುಗಳ ದೊಡ್ಡ ಶತ್ರು. ಜೆಲಟಿನ್ ಪ್ರಾಣಿಜನ್ಯ ವಸ್ತುವಾದುದರಿಂದ ಬೂಷ್ಟು ಅದನ್ನು ತಿನ್ನುತ್ತದೆ. ಹುಳುಗಳೂ ತಿನ್ನುತ್ತವೆ. ಮಳೆಗಾಲದಲ್ಲಿ ಅದು ಮೆದುವಾಗಿ ಚೌಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ. ಅವಸರದಿಂದ ಕಿತ್ತರೆ ಮುಖವೇ ಗಾಜಿನೊಂದಿಗೆ ಬರುತ್ತದೆ.

ಆದರೆ ಬೂಷ್ಟಿಗಿಂತಲೂ ಘೋರವಾದುದು ಮರೆವು. ಹಾಳಾಗದೆ ಉಳಿದ ಪಟದಲ್ಲಿಯೂ, ಹೆಸರುಗಳನ್ನು ಬಲ್ಲ ಕೊನೆಯ ಹಿರಿಯರು ಕಣ್ಣು ಮುಚ್ಚಿದೊಡನೆ, ಇರುವವರೆಲ್ಲ ಅಪರಿಚಿತರಾಗುತ್ತಾರೆ. ಬೆಳಕು ಮುಖವನ್ನು ಬರೆಯಬಲ್ಲದು, ಹೆಸರನ್ನು ಬರೆಯಲಾರದು. ಛಾಯಾಗ್ರಾಹಕನು ತನ್ನ ಪಾಲಿನ ಕೆಲಸವನ್ನು ಮುಗಿಸಿ ಪಟವನ್ನು ನಮ್ಮ ಕೈಗಿತ್ತಿದ್ದಾನೆ. ಉಳಿದ ಅರ್ಧವನ್ನು ಮುಗಿಸಬೇಕಾದವರು ಮನೆಯವರು. ಹೆಸರು ಬರೆಯದ ಪಟ ಅಪೂರ್ಣವಾದ ಪಟವೆಂದೇ ನನ್ನ ಖಚಿತವಾದ ಅಭಿಪ್ರಾಯ.

ಈ ಕೆಲಸಕ್ಕೆ ಹಣ ಬೇಕಿಲ್ಲ, ಪಾಂಡಿತ್ಯ ಬೇಕಿಲ್ಲ. ಬಿಡುವಿನ ದಿನ ಮನೆಯ ಹಳೆಯ ಪಟಗಳನ್ನು ಹೊರತೆಗೆದು ಅಜ್ಜ ಅಜ್ಜಿಯರ ಮುಂದೆ ಹರಡಿರಿ. ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ ಎಂದು ಕೇಳಿರಿ. ಬಿಡಿ ಚಿತ್ರವಾಗಿದ್ದರೆ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಶಾಯಿ ಮುಂಬದಿಗೆ ಇಳಿಯುವ ಭಯವುಂಟು. ಚೌಕಟ್ಟಿನಲ್ಲಿದ್ದರೆ ಬೇರೊಂದು ಕಾಗದದಲ್ಲಿ ಬರೆದು ಹಿಂದೆ ಅಂಟಿಸಿರಿ. ಮಳೆಯ ಇರಚಲು ಹೊಡೆಯುವ ಗೋಡೆಯಿಂದ ಪಟವನ್ನು ಒಳಗೋಡೆಗೆ ಬದಲಿಸಿರಿ. ಹಗಲಿನ ಬೆಳಕಿನಲ್ಲಿ ಮೊಬೈಲಿನಿಂದ ಅದರ ಪ್ರತಿಯೊಂದನ್ನು ತೆಗೆದು ನೆಂಟರಿಗೂ ಕಳುಹಿಸಿರಿ. ಪಟದಲ್ಲಿ ಯಾರಿಲ್ಲವೆಂದೂ ಮರೆಯದೆ ಕೇಳಿರಿ. ಅವರ ಹೆಸರುಗಳನ್ನೂ ಅಲ್ಲಿಯೇ ಬರೆಯಿರಿ. ಕ್ಯಾಮರಾ ಕೊಡಲಾರದೆ ಹೋದ ಸ್ಥಾನವನ್ನು ಅವರಿಗೆ ನಿಮ್ಮ ಪೆನ್ಸಿಲು ಕೊಡಲಿ.

ಅಭ್ಯಾಸ

೧. ಫಿಲ್ಮಿನಲ್ಲಿ ಚಿತ್ರ ತೆಗೆಯುವುದನ್ನು ಲೇಖಕರು ‘ಮಿತವ್ಯಯದ ಒಂದು ವ್ರತ’ ಎಂದು ಕರೆದಿರುವುದೇಕೆ?
೨. ಮಲೆನಾಡಿನಲ್ಲಿ ಛಾಯಾಗ್ರಾಹಕನು ಎದುರಿಸಬೇಕಾಗಿದ್ದ ತೊಂದರೆಗಳಾವುವು?
೩. ‘ಪಟದಲ್ಲಿ ಯಾರಿದ್ದಾರೆಂದು ಎಣಿಸುವಂತೆ ಯಾರಿಲ್ಲವೆಂದೂ ಕೇಳಬೇಕು.’ ಈ ಮಾತನ್ನು ವಿವರಿಸಿರಿ.
೪. ಮೊಬೈಲಿನಿಂದ ಚಿತ್ರ ತೆಗೆಯುವುದರ ಬಗ್ಗೆ ಲೇಖಕರ ಅಭಿಪ್ರಾಯವೇನು? ನೀವು ಅದನ್ನು ಒಪ್ಪುವಿರಾ? ಕಾರಣ ಕೊಡಿರಿ.
೫. ನಿಮ್ಮ ಮನೆಯ ಒಂದು ಹಳೆಯ ಪಟದಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ ತಿಳಿದು, ಆ ಪಟವನ್ನು ಕುರಿತು ಒಂದು ಪುಟದ ಪ್ರಬಂಧ ಬರೆಯಿರಿ.