ದುರ್ಬಲ ಹೃದಯಕ್ಕೆ ಯಾವ ಬಿ.ಪಿ. ಮಾತ್ರೆ?

ಮೆಟ್ಟಿಲು ಹತ್ತುವಾಗ, ತುಂಬಿದ ಕೊಡ ಎತ್ತುವಾಗ ನಿಮ್ಮ ಹೃದಯ ಬೇಗಬೇಗನೆ, ಬಲವಾಗಿ ಬಡಿಯುತ್ತದೆ. ದುಡಿಯುವ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕಲ್ಲವೇ? ಹೃದಯ ದುರ್ಬಲಗೊಂಡವರಲ್ಲಿ ಈ ಸಾಮರ್ಥ್ಯ ಮೊದಲೇ ಕಡಿಮೆ. ಆದ್ದರಿಂದಲೇ ಅವರಿಗೆ ಸ್ವಲ್ಪ ನಡೆದರೂ ಏದುಸಿರು.

ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕು. ಅದು ಜೀವಕೋಶದೊಳಗೆ ಹೋಗುವುದನ್ನು ತಡೆಯುವ ಔಷಧಗಳೇ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು. ಇವುಗಳಿಂದ ರಕ್ತನಾಳ ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಆದರೆ ಈ ಗುಂಪಿನ ವೆರಾಪಮಿಲ್ ಮತ್ತು ಡಿಲ್ಟಿಯಾಜೆಮ್ ಹೃದಯ ಬಡಿತದ ವೇಗವನ್ನೂ ಬಲವನ್ನೂ ತಗ್ಗಿಸುತ್ತವೆ. ಪಂಪ್ ಮಾಡುವ ಶಕ್ತಿ ಕುಂದಿದ ಹೃದಯಕ್ಕೆ ಇದು ಅಪಾಯ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೃದಯಾಘಾತದ ನಂತರ ಶ್ವಾಸಕೋಶದಲ್ಲಿ ನೀರು ತುಂಬಿದ್ದವರಿಗೆ ಡಿಲ್ಟಿಯಾಜೆಮ್‌ನಿಂದ ಹಾನಿಯೇ ಹೆಚ್ಚಾಯಿತು.

ಅಮ್ಲೋಡಿಪಿನ್ ಇದೇ ಗುಂಪಿನದಾದರೂ ಮುಖ್ಯವಾಗಿ ರಕ್ತನಾಳಗಳ ಮೇಲೆ ಕೆಲಸ ಮಾಡುತ್ತದೆ. 1996ರ ಅಧ್ಯಯನದಲ್ಲಿ ಅದು ತೀವ್ರ ಹೃದಯ ವೈಫಲ್ಯದ ರೋಗಿಗಳ ಸಾವನ್ನು ಹೆಚ್ಚಿಸಲಿಲ್ಲ. ಹಾಗೆಂದು ಅದು ನಡೆಯುವ ಶಕ್ತಿ ಕೊಡುವ ಔಷಧವಲ್ಲ. ಅದರಿಂದ ಕಾಲು ಊದಬಹುದು. ಹೃದಯ ಸೋತಾಗಲೂ ಕಾಲು ಊದುತ್ತದೆ. ಕಾರಣವೇನೆಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು.

ಆದ್ದರಿಂದ ಎಲ್ಲ ಬಿ.ಪಿ. ಮಾತ್ರೆಗಳೂ ಒಂದೇ ಎಂದು ಭಾವಿಸಿ ನೆರೆಮನೆಯವರ ಮಾತ್ರೆಯನ್ನು ನಿಮ್ಮ ತಾಯಿಗೋ ಅತ್ತೆಗೋ ಕೊಡಬೇಡಿ. ಸೇವಿಸುತ್ತಿರುವುದನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಬೇರೆ ವೈದ್ಯರ ಬಳಿ ಹೋಗುವಾಗ ಎಕೋ ವರದಿ ಮತ್ತು ಮಾತ್ರೆಗಳ ಚೀಟಿ ಜೊತೆಗಿರಲಿ. ಹೊಸ ಮಾತ್ರೆ ಆರಂಭಿಸಿದ ಮೇಲೆ ಏದುಸಿರು ಹೆಚ್ಚಾದರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.