ಅರ್ಜಿದಾರರ ಮೇಲ್ ಐಡಿ ಅರ್ಜಿದಾರರ ಕೈಯಲ್ಲೇ ಇರಲಿ

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳಿಗೆ,



ನಾನು ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಒಡೆದ ಡಿಸ್‌ಪ್ಲೇ, ಸಡಿಲವಾದ ಚಾರ್ಜಿಂಗ್ ಪಿನ್ನು, ಊದಿಕೊಂಡ ಬ್ಯಾಟರಿ ವರ್ಷವಿಡೀ ಇದ್ದದ್ದೇ. ಪರೀಕ್ಷೆಯ ಫಲಿತಾಂಶ ಬಂದು ಕಾಲೇಜು ಪ್ರವೇಶ, ವಿದ್ಯಾರ್ಥಿವೇತನದ ಅರ್ಜಿಗಳು ಶುರುವಾದವೆಂದರೆ ಮಾತ್ರ ಬೇರೊಂದು ರಿಪೇರಿ ನನ್ನ ಟೇಬಲ್ಲಿಗೆ ಬರುತ್ತದೆ. ಹಳೇ ಫೋನು ಹಿಡಿದುಕೊಂಡು ಬಂದ ತಂದೆ-ಮಗ, ತಾಯಿ-ಮಗಳು ‘ಮೇಲ್ ಓಪನ್ ಆಗ್ತಿಲ್ಲ, ಸ್ವಲ್ಪ ನೋಡಿ’ ಅನ್ನುತ್ತಾರೆ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಇವರ ತೊಂದರೆಯನ್ನು ಬಹುಪಾಲು ನೀಗಿಸಬಹುದು ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೇಲ್ ಐಡಿ ಇಂದು ಯಾರಿಗೂ ಬಿಟ್ಟಿದ್ದಲ್ಲ. ನೀಟ್ ಬರೆಯುವ ಹುಡುಗಿ ಅರ್ಜಿಯಲ್ಲಿ ಮೊಬೈಲ್ ನಂಬರಿನ ಜೊತೆಗೆ ಮೇಲ್ ಐಡಿಯನ್ನೂ ಕೊಡಬೇಕು. ನಿವೃತ್ತ ಮೇಷ್ಟ್ರು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಹೊಸದಾಗಿ ಹೆಸರು ನೋಂದಾಯಿಸಿದರೆ ಮೊಬೈಲ್‌ಗೊಂದು ಓಟಿಪಿ, ಮೇಲ್‌ಗೊಂದು ಓಟಿಪಿ. ಬೆಂಗಳೂರಿನ ಕೆಲಸದ ಸಂದರ್ಶನಕ್ಕೆ ಕರೆ ಬರುವುದೂ ಮೇಲ್‌ನಲ್ಲೇ. ಇವರಲ್ಲಿ ಅನೇಕರ ಮನೆಯಲ್ಲಿರುವುದು ಅಣ್ಣನೋ ಚಿಕ್ಕಪ್ಪನೋ ಬಳಸಿ ಬಿಟ್ಟ, ಆಂಡ್ರಾಯ್ಡ್ 4.4 ಅಥವಾ 5.1ರ ಕಾಲದ ಒಂದೇ ಒಂದು ಟಚ್ ಫೋನು.

ಅಂಥದೊಂದು ಫೋನನ್ನು ಒಬ್ಬ ರೈತ ಮಗನೊಡನೆ ತಂದಿಟ್ಟರು. ಜಿಮೇಲ್ ಆ್ಯಪ್ ಅಪ್‌ಡೇಟ್ ಆಗಲು ಅದರಲ್ಲಿ ಜಾಗವಿರಲಿಲ್ಲ. ಹುಡುಗ ಫೋನಿನ ಜೊತೆಗೇ ಬಂದಿದ್ದ ಮೇಲ್ ಆ್ಯಪ್‌ನಲ್ಲಿ ವಿಳಾಸ ಹಾಕಿ, ಪಾಸ್‌ವರ್ಡ್ ಒತ್ತಿದ. ಹೆಸರು ಅಥವಾ ಪಾಸ್‌ವರ್ಡ್ ತಪ್ಪಿದೆ ಎಂದು ಪರದೆ ಹೇಳಿತು. ‘ಸರ್ಯಾಗೇ ಒತ್ತಿವ್ನಿ ಕಣಣ್ಣ, ಆದ್ರೂ ತಪ್ಪು ಅಂತದೆ’ ಅಂದ. ಅದಕ್ಕೂ ಮುಂಚೆ ಮನೆಯಲ್ಲಿ ಪಾಸ್‌ವರ್ಡನ್ನು ಬದಲಿಸಿ ಬದಲಿಸಿ, ಯಾವುದು ಕೊನೆಯದೆಂಬುದೇ ಅವನಿಗೆ ಗೊಂದಲವಾಗಿತ್ತು. ಅವನ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಹಳೇ ಮೇಲ್ ಆ್ಯಪ್‌ಗಳಿಂದ ಒಳಬರುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಪರದೆ ಈ ಕಾರಣವನ್ನು ಹೇಳುವುದಿಲ್ಲ. ಹಳ್ಳಿಯ ಹುಡುಗ ತಪ್ಪು ತನ್ನದೇ ಅಂದುಕೊಳ್ಳುತ್ತಾನೆ.

ಇದಕ್ಕೆ ದಾರಿಯಿದೆ. ಬೇರೊಂದು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಅವನ ಖಾತೆ ತೆರೆದು, ಎರಡು ಹಂತದ ದೃಢೀಕರಣವನ್ನು ಆನ್ ಮಾಡಿ, ‘ಆ್ಯಪ್ ಪಾಸ್‌ವರ್ಡ್’ ಎಂಬುದನ್ನು ಪಡೆಯಬೇಕು. 16 ಅಕ್ಷರ ಬರುತ್ತವೆ. ಹಳೇ ಫೋನಿನಲ್ಲಿ ಖಾತೆಯ ಬಗೆ ಇಮ್ಯಾಪ್ ಎಂದು ಆರಿಸಿ, ಹೆಸರಿನ ಜಾಗದಲ್ಲಿ ಪೂರ್ತಿ ಮೇಲ್ ವಿಳಾಸ ಹಾಕಿ, ಬರುವ ಮೇಲ್‌ಗೆ ಪೋರ್ಟ್ 993, ಹೋಗುವ ಮೇಲ್‌ಗೆ 465, ಎರಡಕ್ಕೂ ಎಸ್‌ಎಸ್‌ಎಲ್ ಎಂದು ಕೊಟ್ಟು, ಪಾಸ್‌ವರ್ಡ್ ಕೇಳಿದ ಕಡೆ ಆ 16 ಅಕ್ಷರ ಒತ್ತಬೇಕು. ಹಾಗೆ ಮಾಡಿದ ಮೇಲೆ ಹುಡುಗನ ಮೇಲ್‌ಗಳು ಒಂದೊಂದಾಗಿ ಇಳಿದವು. ಫೋನು ಕಳೆದುಹೋದರೆ ಆ 16 ಅಕ್ಷರವನ್ನಷ್ಟೇ ರದ್ದು ಮಾಡಿದರೆ ಸಾಕು, ಮುಖ್ಯ ಪಾಸ್‌ವರ್ಡಿಗೆ ಧಕ್ಕೆಯಿಲ್ಲ. ಕಂಪನಿಗಳು ಬಾಗಿಲು ಬಿಗಿ ಮಾಡಿದ್ದು ಪಾಸ್‌ವರ್ಡ್ ಕಳ್ಳತನ ತಡೆಯಲಿಕ್ಕೆ, ಅದು ತಪ್ಪೆಂದು ನಾನು ಹೇಳುವುದಿಲ್ಲ. ಇಂಥ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಇಟ್ಟುಕೊಳ್ಳಬೇಡಿ ಎಂದು ನಾನೇ ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ದೋಷ ಇದಕ್ಕಿಂತ ಸಣ್ಣದು. ಬ್ಯಾಟರಿ ಪೂರ್ತಿ ಇಳಿದು ಬೀರುವಿನಲ್ಲಿ ಬಹಳ ಕಾಲ ಮಲಗಿದ್ದ ಫೋನನ್ನು ಮತ್ತೆ ಚಾರ್ಜ್ ಮಾಡಿದಾಗ ಅದರ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಮೇಲ್ ಸರ್ವರ್ ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಫೋನಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ, ಹಾಗಾಗಿ ಅದು ಸಂಪರ್ಕ ನಿರಾಕರಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ತಾರೀಖು, ಸಮಯ ಸರಿ ಮಾಡಿದರೆ ಮೇಲ್ ತೆರೆಯುತ್ತದೆ. ಇಷ್ಟಕ್ಕೇ ‘ಈ ಸೆಟ್ಟು ಮುಗೀತು, ಹೊಸದು ತಗೊಳ್ಳಿ’ ಅನ್ನಿಸಿಕೊಂಡು ಸಾಲ ಮಾಡಿ ಫೋನು ಕೊಂಡವರಿದ್ದಾರೆ. ಇದು ನನಗೆ ಸಹಿಸಲಾಗದ ಸಂಗತಿ.

ರಿಪೇರಿಗೆ ಸಿಗದ ಫೋನುಗಳೂ ಇವೆ. ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಗೂಗಲ್ ಖಾತೆಗೆ ಲಾಗಿನ್ ಆಗುವುದು 2021ರ ಸೆಪ್ಟೆಂಬರ್ 27ಕ್ಕೇ ನಿಂತಿತು. ಹಾಟ್‌ಮೇಲ್, ಔಟ್‌ಲುಕ್ ಖಾತೆಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಬರೀ ಪಾಸ್‌ವರ್ಡಿನ ದಾರಿ ಮುಚ್ಚಿತು. ಅಲ್ಲಿ ಆ್ಯಪ್ ಪಾಸ್‌ವರ್ಡ್ ಕೂಡ ಕೆಲಸಕ್ಕೆ ಬರುವುದಿಲ್ಲ.

ಇನ್ನು, ಈ ಪತ್ರ ಬರೆಯಲು ಮುಖ್ಯ ಕಾರಣವಾದ ವಿಷಯ. ಫೋನು ಎಷ್ಟೇ ಹಳೆಯದಾಗಿರಲಿ, ಮೇಲ್ ಐಡಿ ಆ ಮನುಷ್ಯನದೇ ಆಗಿದ್ದರೆ ಏನಾದರೂ ಮಾಡಬಹುದು. ನಮ್ಮಲ್ಲಿ ಎಷ್ಟೋ ಮಕ್ಕಳ ಮೇಲ್ ಐಡಿ ಅವರದಾಗಿಯೇ ಇಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗಿಯ ಅರ್ಜಿಯನ್ನು ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹಾಕಿಸಿದ್ದರು. ಅಪ್ಪನ ಬಟನ್ ಸೆಟ್ಟಿಗೆ ಕರೆನ್ಸಿ ಇರಲಿಲ್ಲವೆಂದು ಅಲ್ಲಿನ ಹುಡುಗನೇ ಮೇಲ್ ಐಡಿ ಮಾಡಿ, ತನ್ನ ನಂಬರ್ ಕೊಟ್ಟ. ಪಾಸ್‌ವರ್ಡನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೌನ್ಸೆಲಿಂಗ್ ಹೊತ್ತಿಗೆ ಅವನು ಕೆಲಸ ಬಿಟ್ಟು ಬೆಂಗಳೂರು ಸೇರಿದ್ದ, ಸಿಮ್ಮೂ ಬದಲಾಗಿತ್ತು. ಓಟಿಪಿ ಯಾರ ಕೈಗೂ ಸಿಗದ ಕಡೆ ಹೋಗುತ್ತಿತ್ತು. ಗೂಗಲ್‌ನ ಖಾತೆ ಮರಳಿ ಪಡೆಯುವ ಕ್ರಮದಲ್ಲಿ ಪ್ರಯತ್ನಿಸಿದೆವು. ಹಿಂದೆ ಲಾಗಿನ್ ಆಗಿದ್ದ ಫೋನು ಅಥವಾ ಕಂಪ್ಯೂಟರು, ಮಾಮೂಲಿಯಾಗಿ ಬಳಸುತ್ತಿದ್ದ ಜಾಗ ಇದ್ದರೆ ಅದು ನಂಬುವುದು ಸುಲಭ. ಸೆಂಟರಿನ ಕಂಪ್ಯೂಟರನ್ನು ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಿದ್ದರು. ಆ ಸುತ್ತಿನಲ್ಲಿ ಅವಳು ಸೀಟಿನ ಆಯ್ಕೆ ದಾಖಲಿಸಲಾಗಲಿಲ್ಲ. ಅವಳ ಅಂಕಪಟ್ಟಿ ನೋಡಿದವನಾಗಿ ಹೇಳುತ್ತೇನೆ, ಇದು ಅವಳಿಗೆ ಆಗಬಾರದ ನಷ್ಟ.

ಸೆಂಟರಿನ ಹುಡುಗರನ್ನು ದೂರುವುದು ನನ್ನ ಉದ್ದೇಶವಲ್ಲ. ಕ್ಯೂ ಬೆಳೆದಿರುತ್ತದೆ, ಸರ್ವರ್ ನಿಧಾನ, ಫಾರಂನಲ್ಲಿ ಮೇಲ್ ಐಡಿಯ ಮುಂದೆ ಕೆಂಪು ನಕ್ಷತ್ರ. ಅದನ್ನು ತುಂಬದೆ ಮುಂದಿನ ಪುಟ ಬರುವುದಿಲ್ಲ. ಆಗ ಕೈಗೆ ಸಿಕ್ಕ ವಿಳಾಸ ಹಾಕುತ್ತಾರೆ, ಕೆಲವೊಮ್ಮೆ ಅಂಗಡಿಯದ್ದನ್ನೇ ಹತ್ತಾರು ಜನಕ್ಕೆ ಹಾಕುತ್ತಾರೆ. ರೀಚಾರ್ಜ್ ಇಲ್ಲದೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಮೊಬೈಲ್ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಮ್ಮ ಮಕ್ಕಳ ಖಾತೆಯ ಕೀಲಿ ಗುರುತಿಲ್ಲದವರ ಜೇಬಿಗೆ ಹೋಗುತ್ತದೆ.

ಕಾಲವೂ ಈ ಮಕ್ಕಳಿಗೆ ಅನುಕೂಲವಾಗಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಿಹಾಕುತ್ತಿದೆ. ಎಸ್ಸೆಸ್ಸೆಲ್ಸಿ ಮುಗಿದಾಗ ಮಾಡಿಸಿದ ಮೇಲ್ ಐಡಿಯನ್ನು ಮತ್ತೆ ತೆರೆಯದಿದ್ದರೆ, ದ್ವಿತೀಯ ಪಿಯುಸಿ ಮುಗಿಯುವುದಕ್ಕೂ ಅದಕ್ಕೆ ಎರಡು ವರ್ಷ ತುಂಬುವುದಕ್ಕೂ ಸರಿಹೋಗುತ್ತದೆ. ಇನ್ನು, ಪುಕ್ಕಟೆ ಸಿಗುವ 15 ಜಿಬಿ ಜಾಗದಲ್ಲಿ ಮೇಲ್, ಫೋಟೋ, ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲವೂ ಸೇರಿವೆ. ಮನೆಯವರೆಲ್ಲ ಒಂದೇ ಖಾತೆ ಬಳಸುವಲ್ಲಿ ಅದು ಬೇಗ ತುಂಬುತ್ತದೆ, ತುಂಬಿದ ಮೇಲೆ ಹಾಲ್ ಟಿಕೆಟ್‌ನ ಮೇಲ್ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ. ಜಿಲ್ಲೆಯ ಗ್ರಾಮ ಒನ್ ಮತ್ತಿತರ ಸೇವಾ ಕೇಂದ್ರಗಳಿಗೆ ಒಂದು ಸುತ್ತೋಲೆ ಹೊರಡಲಿ. ಅರ್ಜಿಯಲ್ಲಿ ಕೇಂದ್ರದ ಅಥವಾ ಸಿಬ್ಬಂದಿಯ ಮೇಲ್ ಐಡಿ, ನಂಬರ್ ಹಾಕಕೂಡದು. ಹೊಸ ಮೇಲ್ ಐಡಿ ಮಾಡಿಕೊಟ್ಟರೆ ಪಾಸ್‌ವರ್ಡನ್ನು ಅರ್ಜಿದಾರರೇ ಒತ್ತಬೇಕು, ಖಾತೆ ಮರಳಿ ಪಡೆಯುವ ನಂಬರ್ ಅವರ ಮನೆಯದ್ದಾಗಿರಬೇಕು. ಎರಡು ಹಂತದ ದೃಢೀಕರಣ ಹಾಕಿದವರಿಗೆ ಗೂಗಲ್‌ನಲ್ಲಿ 8 ಅಂಕಿಗಳ 10 ಬ್ಯಾಕಪ್ ಕೋಡ್ ಪಡೆಯುವ ಅವಕಾಶವಿದೆ. ಅವನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡ್ ಇಡುವ ಕವರಿನಲ್ಲಿಟ್ಟರೆ, ಸಿಮ್ ಹೋದರೂ ಖಾತೆ ಉಳಿಯುತ್ತದೆ. ನಾನು ಹಾಗೆ ಬರೆಸಿಕೊಟ್ಟವರಲ್ಲಿ ಒಬ್ಬ ಅಜ್ಜಿ, ಮೊಮ್ಮಗನ ಚೀಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ತಂದು ತೋರಿಸಿದರು. ಅಷ್ಟು ಜೋಪಾನ ನಮ್ಮ ಜನರಲ್ಲಿದೆ, ಹೇಳಿಕೊಡುವವರು ಬೇಕಷ್ಟೆ.

ಹೇಳಿಕೊಡಲು ಸಾರ್ವಜನಿಕ ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಅಲ್ಲಿಗೆ ಯಾರು ಬೇಕಾದರೂ ಬರಬಹುದು, ಯಾರೂ ಏನನ್ನೂ ಮಾರುವುದಿಲ್ಲ. ಕೆ.ಆರ್.ಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣಗಳಲ್ಲಿ ಸಂತೆಯ ದಿನ ಬೆಳಿಗ್ಗೆ ಎರಡು ಗಂಟೆ ಒಬ್ಬ ತಿಳಿದವರನ್ನು ಕೂರಿಸಿ. ಹಳ್ಳಿಯವರು ಸಂತೆಗೆ ಹೇಗೂ ಬರುತ್ತಾರೆ, ಮತ್ತೊಂದು ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ. ತಾರೀಖು ನೋಡುವುದು, ಜಾಗ ಖಾಲಿ ಮಾಡುವುದು, ಆ್ಯಪ್ ಪಾಸ್‌ವರ್ಡ್ ಮಾಡಿಕೊಡುವುದು, ಇದು ಸರಿಹೋಗದ ಫೋನು ಎಂದು ಪ್ರಾಮಾಣಿಕವಾಗಿ ಹೇಳುವುದು, ಇಷ್ಟೇ ಕೆಲಸ. ಇದನ್ನೆಲ್ಲ ಒಂದು ಪುಟದಲ್ಲಿ, ದೊಡ್ಡ ಅಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಿ ಪಿಯು ಕಾಲೇಜುಗಳಲ್ಲೂ ಅಂಟಿಸಬಹುದು. ತಮ್ಮ ಕಚೇರಿಯಲ್ಲೇ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಜಿಲ್ಲಾ ಘಟಕವಿದೆ, ಅವರು ಒಮ್ಮೆ ತಿದ್ದಿಕೊಟ್ಟರೆ ತಪ್ಪಿಗೆ ಎಡೆಯಿರುವುದಿಲ್ಲ.

ಆ ಕೆಂಪು ನಕ್ಷತ್ರವನ್ನು ತೆಗೆಸುವುದು ಜಿಲ್ಲೆಯ ಮಟ್ಟದಲ್ಲಿ ಆಗುವ ಕೆಲಸವಲ್ಲ. ಆದರೂ ಮೇಲ್ ಐಡಿ ನಿಜವಾಗಿ ಬೇಕಿಲ್ಲದ ಅರ್ಜಿಗಳಲ್ಲಿ ಅದನ್ನು ಐಚ್ಛಿಕಗೊಳಿಸಿ ಎಂದು ರಾಜ್ಯದ ಇ-ಆಡಳಿತ ವಿಭಾಗಕ್ಕೆ ತಾವು ಬರೆದರೆ ಆ ಪತ್ರಕ್ಕೆ ತೂಕವಿರುತ್ತದೆ.

ಒಂದು ಪುಟದ ಆ ಹಾಳೆಯ ಕರಡನ್ನು ಬರೆದಿಟ್ಟಿದ್ದೇನೆ. ಕೆ.ಆರ್.ಪೇಟೆಯಲ್ಲಿ ಸಂತೆಯ ದಿನ ಕೂರಲು ಬೇರೆ ಯಾರೂ ಸಿಗದಿದ್ದರೆ ಅಂಗಡಿಯನ್ನು ತಡವಾಗಿ ತೆರೆದು ನಾನೇ ಬರುತ್ತೇನೆ, ಅದಕ್ಕೆ ಹಣ ಬೇಡ. ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮೊದಲು ಸುತ್ತೋಲೆ ಕೇಂದ್ರಗಳನ್ನು ತಲುಪುವಂತೆ ದಯವಿಟ್ಟು ಮಾಡಿ.

ಇಂತಿ ತಮ್ಮ ವಿಶ್ವಾಸಿ,
ಹೊಸಹೊಳಲಿನ ಒಬ್ಬ ಮೊಬೈಲ್ ರಿಪೇರಿಯವನು