ಊರನ್ನು ಕೇಳದೆ ತೆರೆಯುವ ಅಂಗಡಿ

ಕೊಪ್ಪಳ ಜಿಲ್ಲೆಯ ಕಾರಟಗಿ ಸುತ್ತಲಿನ ಯಾವುದಾದರೂ ಹಳ್ಳಿಗೋ ಕ್ಯಾಂಪಿಗೋ ಹೋಗಿ, ದೀಪ ಹಚ್ಚುವ ಹೊತ್ತಿನಲ್ಲಿ ಡಬ್ಬಿ ಅಂಗಡಿಯ ಮುಂದೆ ಸುಮ್ಮನೆ ನಿಂತು ನೋಡಿ. ಶಾಂಪೂ ಚೀಟಿ, ಗುಟ್ಕಾ ಸರ, ಮಕ್ಕಳ ಕುರುಕುಲು ತೂಗುವ ಹಗ್ಗದ ಹಿಂದೆ, ಸಕ್ಕರೆ ಡಬ್ಬದ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಅದರಲ್ಲಿ 90 ಎಂಎಲ್ ಪಾಕೀಟು. ಕೇಳುವವರು ಬಾಯಿಬಿಟ್ಟು ಹೆಸರು ಹೇಳುವುದಿಲ್ಲ, ಬೆರಳು ಎತ್ತಿದರೆ ಸಾಕು. ರೊಕ್ಕ ಇಲ್ಲದವರಿಗೆ ಉದ್ರಿಯೂ ಉಂಟು. ಅಕ್ಕಿ, ಬೇಳೆ, ಒಳ್ಳೆಣ್ಣೆ ಬರೆಯುವ ಉದ್ರಿ ವಹಿಯಲ್ಲೇ ಅದನ್ನೂ ಬರೆಯುತ್ತಾರೆ. ಬಟವಾಡೆಯಾದ ದಿನ ಲೆಕ್ಕ ತೀರಿಸಲು ಬಂದ ಹೆಂಗಸಿಗೆ ತನ್ನ ಮನೆಯ ಬೇಳೆ ಎಷ್ಟಾಯಿತು, ಗಂಡನ ಪಾಕೀಟು ಎಷ್ಟಾಯಿತು ಎಂದು ಬಿಡಿಸಿ ಹೇಳುವವರು ಯಾರೂ ಇರುವುದಿಲ್ಲ.

ಸೂಪರ್‌ಮಾರ್ಕೆಟ್‌ನಲ್ಲಿ ಮದ್ಯ ಮಾರಬಹುದೇ ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ನಗು ಬರುವುದು ಇದಕ್ಕೇ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಸಂಪುಟ ಸಾವಿರ ಚದರಡಿಗಿಂತ ದೊಡ್ಡ ಅಂಗಡಿಗಳ ಕಪಾಟಿನಲ್ಲಿ ವೈನ್ ಇಡಲು ಒಪ್ಪಿತು. ಅಣ್ಣಾ ಹಜಾರೆ ಉಪವಾಸ ಕೂರುತ್ತೇನೆ ಎಂದರು, ದೇಶವೇ ಮಾತಾಡಿತು. ನಮ್ಮ ಕಡೆ ಆ ಕಪಾಟು ಬಹಳ ಹಿಂದೆಯೇ ಬಂದಿದೆ. ಅದಕ್ಕೆ ಲೈಸೆನ್ಸ್ ಇಲ್ಲ, ಅಷ್ಟೇ.

2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಅಬಕಾರಿ ಇಲಾಖೆ ಒಂದು ಪ್ರಸ್ತಾವ ತಂದಿತು. 3,000ಕ್ಕಿಂತ ಹೆಚ್ಚು ಜನಸಂಖ್ಯೆಯ ಗ್ರಾಮ ಪಂಚಾಯಿತಿಗಳಲ್ಲಿ ಹೊಸ ಮದ್ಯದಂಗಡಿ ತೆರೆಯಬೇಕು, ನಗರಗಳ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಮಾರಾಟಕ್ಕೆ ಅವಕಾಶ ಕೊಡಬೇಕು ಎಂಬುದು ಅದರ ಸಾರ. ಅಬಕಾರಿ ಸಚಿವ ಆರ್.ಬಿ. ತಿಮ್ಮಾಪುರ ಸಮರ್ಥನೆಗೆ ನಿಂತರು. ಹೆಣ್ಣುಮಕ್ಕಳು ಬೀದಿಗಿಳಿದರು, ವಿರೋಧ ಪಕ್ಷದವರು ಹುರುಪಾದರು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ಅಂಗಡಿ ಇಲ್ಲ ಎಂದು ಹೇಳಿ ಬೆಂಕಿಗೆ ನೀರು ಹಾಕಿದರು. ಕೆಂಡ ಮಾತ್ರ ಹಾಗೇ ಉಳಿಯಿತು. 2025–26ರ ಬಜೆಟ್ಟಿನ ಹೊತ್ತಿಗೆ ಮಾತು ಹರಾಜಿನ ಕಡೆ ತಿರುಗಿತ್ತು. ಬಳಕೆಯಲ್ಲಿಲ್ಲದೆ ಬಿದ್ದಿರುವ 500ಕ್ಕೂ ಹೆಚ್ಚು ಲೈಸೆನ್ಸ್‌ಗಳನ್ನು ಇ-ಹರಾಜು ಹಾಕುವುದಂತೆ. ಲೈಸೆನ್ಸ್ ಹಳೆಯದು, ಆದ್ದರಿಂದ ಅಂಗಡಿ ಹೊಸದಲ್ಲ ಎಂದು ವಾದಿಸಬಹುದು. ಆದರೆ ಅದು ಬಂದು ಕೂರುವ ಓಣಿಗೆ ಅದು ಹೊಸದೇ.

ಸರ್ಕಾರದ ಮುಖ್ಯ ವಾದ ಕೇಳಲು ಬಲು ಚೆನ್ನಾಗಿದೆ. ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಹೇಗೂ ಅಕ್ರಮವಾಗಿ ಮಾರುತ್ತಿದ್ದಾರೆ, ಸಕ್ರಮ ಅಂಗಡಿ ಬಂದರೆ ಅದು ತಾನಾಗಿ ನಿಲ್ಲುತ್ತದೆ ಎನ್ನುತ್ತದೆ ಅದು. ಆ ಡಬ್ಬಿ ಅಂಗಡಿಗೆ ಮಾಲು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಈ ವಾದ ಮುಟ್ಟುವುದೇ ಇಲ್ಲ. ಇದು ಹಿತ್ತಿಲಲ್ಲಿ ಕಾಯಿಸಿದ ಕಳ್ಳಭಟ್ಟಿ ಅಲ್ಲ. 2003ರಿಂದ ಈ ರಾಜ್ಯದಲ್ಲಿ ಯಾವ ಲೈಸೆನ್ಸ್‌ದಾರನೂ ಸರ್ಕಾರಿ ಪಾನೀಯ ನಿಗಮದ ಡಿಪೋ ಬಿಟ್ಟು ಬೇರೆಲ್ಲೂ ಮಾಲು ಎತ್ತುವಂತಿಲ್ಲ. ಪಾಕೀಟಿನ ಮೇಲೆ ಬ್ಯಾಚ್ ನಂಬರ್ ಇದೆ, ಸರ್ಕಾರದ ಸುಂಕ ಸಂದಿದೆ. ಅಂದರೆ ಡಬ್ಬಿ ಅಂಗಡಿಯ ಪಾಕೀಟೂ ಒಮ್ಮೆ ಸಕ್ರಮ ಅಂಗಡಿಯ ಗಲ್ಲಾಪೆಟ್ಟಿಗೆ ದಾಟಿಯೇ ಬಂದದ್ದು. ಒಬ್ಬ ವ್ಯಕ್ತಿ ತನ್ನ ಬಳಿ ಇಟ್ಟುಕೊಳ್ಳಬಹುದಾದ ಮದ್ಯದ ಮಿತಿ 2.3 ಲೀಟರ್. 90 ಎಂಎಲ್ ಲೆಕ್ಕದಲ್ಲಿ 25 ಪಾಕೀಟು. ಬೈಕಿನ ಡಿಕ್ಕಿಯಲ್ಲಿ ಹಿಡಿಯುವಷ್ಟು. ದಿನಕ್ಕೆ ಎರಡು ಸಲ ಹೋಗಿ ಬಂದರೂ ಪ್ರತಿ ಸಲವೂ ಕಾನೂನಿನ ಅಂಕೆಯೊಳಗೇ ಇರುತ್ತಾನೆ. ಈಗ ಆ ಬೈಕು ಕಾರಟಗಿಗೋ ಗಂಗಾವತಿಗೋ ಹೋಗಿ ಬರಬೇಕು, ಪೆಟ್ರೋಲ್ ಸುಡಬೇಕು. ಪಂಚಾಯಿತಿಗೊಂದು ಅಂಗಡಿ ಬಂದರೆ ನಡೆದೇ ಹೋಗಬಹುದು. ಅಕ್ರಮ ನಿಲ್ಲುವುದಿಲ್ಲ, ಅದರ ಸಾಗಣೆ ಖರ್ಚು ಉಳಿಯುತ್ತದೆ.

ಇಲಾಖೆಗೆ ಇದು ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಗೊತ್ತಿದ್ದೂ ಕಣ್ಣು ಮುಚ್ಚುವುದಕ್ಕೆ ಕಾರಣ ಬಜೆಟ್ ಪುಸ್ತಕದಲ್ಲೇ ಇದೆ. ಅಬಕಾರಿಯಿಂದ ಬರಬೇಕಾದ ಆದಾಯದ ಗುರಿ 2023–24ರಲ್ಲಿ 36,000 ಕೋಟಿ ರೂಪಾಯಿ, 2024–25ರಲ್ಲಿ 38,525 ಕೋಟಿ, 2025–26ರಲ್ಲಿ 40,000 ಕೋಟಿ. ದಿನಕ್ಕೆ ಹಂಚಿದರೆ ಸುಮಾರು 110 ಕೋಟಿ. ಅದೇ ಬಜೆಟ್ಟಿನಲ್ಲಿ ಗೃಹಲಕ್ಷ್ಮಿಗೆ ಎತ್ತಿಟ್ಟದ್ದು 28,608 ಕೋಟಿ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಳ್ಳುತ್ತಾರೆ ಎಂಬ ಮಾತು ಸವೆದು ಹೋಗಿದೆ, ಆಡಲು ನನಗೇ ಬೇಸರ. ಆದರೆ ಅಂಕಿ ನನ್ನದಲ್ಲ. ಪ್ರತಿ ವರ್ಷ ಏರುವ ಗುರಿ ಹೊತ್ತ ಇಲಾಖೆಯನ್ನೇ ಮಾರಾಟಕ್ಕೆ ಲಗಾಮು ಹಾಕಲೂ ನೇಮಿಸಿದ್ದೇವೆ. ಎಮ್ಮೆಯನ್ನೇ ಹುಲ್ಲಿನ ಬಣವಿ ಕಾಯಲು ಬಿಟ್ಟ ಹಾಗೆ. 2024ರ ನವೆಂಬರ್‌ನಲ್ಲಿ ಮದ್ಯ ಮಾರಾಟಗಾರರ ಸಂಘಟನೆಯೇ ಇಲಾಖೆಯಲ್ಲಿ ಲಂಚ ಹೆಚ್ಚಾಗಿದೆ ಎಂದು ದೂರಿ ಅಂಗಡಿ ಬಂದ್ ಮಾಡಲು ಮುಂದಾಗಿತ್ತು, ಆಮೇಲೆ ಹಿಂದೆ ಸರಿಯಿತು. ಮಾರುವವರೇ ಬೇಸತ್ತ ವ್ಯವಸ್ಥೆಯ ಮೇಲೆ ಓಣಿಯವರು ಭರವಸೆ ಇಡಬೇಕಂತೆ.

ಇಷ್ಟು ಓದಿದವರು ನನ್ನನ್ನು ಪಾನನಿಷೇಧವಾದಿ ಎಂದುಕೊಂಡಿದ್ದರೆ, ಅಲ್ಲ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ವಿಜಯಪುರದವರು ಪಾನನಿಷೇಧ ಕಂಡಿದ್ದಾರೆ. ನಮ್ಮ ಹೊಳೆಯ ಆಚೆ ದಂಡೆಯ ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿತ್ತು, ಅಲ್ಲೂ ನಿಷೇಧವಿತ್ತು. ಈಚೆ ದಂಡೆಯ ನಾವು ನಿಜಾಮನ ಸೀಮೆಯವರು. ನಮಗೆ ಗೊತ್ತಿದ್ದದ್ದು ಅಬಕಾರಿ ಮಾತ್ರ, ಆ ಮಾತೇ ಫಾರ್ಸಿ. ನಿಷೇಧವಿದ್ದ ಕಡೆ ಜನ ಕುಡಿಯುವುದು ಬಿಟ್ಟರೆಂದು ಯಾವ ಹಿರಿಯರೂ ನನಗೆ ಹೇಳಿಲ್ಲ. 2016ರಿಂದ ನಿಷೇಧವಿರುವ ಬಿಹಾರದಲ್ಲಿ ಕಳ್ಳಭಟ್ಟಿ ಕುಡಿದು ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ನಮ್ಮಲ್ಲೇ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು, ರಾಜ್ಯ ಸರ್ಕಾರದ್ದೇ ಕಂಪನಿಯಾದ ಎಂಎಸ್‌ಐಎಲ್‌ಗೆ ನೂರಾರು ಮಳಿಗೆ ಸಿಕ್ಕವು. ಕುಡಿಯುವವನ ಜೇಬಿನಿಂದ ಹೋಗುವ ರೊಕ್ಕ ಹೆಚ್ಚಿತು.

ಕುಡಿತ ಇರಬೇಕೋ ಬೇಡವೋ ಎಂಬುದು ನನ್ನ ತಕರಾರಲ್ಲ. ಅಂಗಡಿ ಎಲ್ಲಿ ಇರಬೇಕೆಂದು ಹೇಳುವ ಹಕ್ಕು ಯಾರದ್ದು ಎಂಬುದೇ ನನ್ನ ತಕರಾರು.

ಇವತ್ತಿನ ಮಟ್ಟಿಗೆ ಊರಿಗೆ ಆ ಹಕ್ಕಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಎಲ್ಲ ಅಧಿಕಾರವೂ ಇಲಾಖೆ ಮತ್ತು ಜಿಲ್ಲಾಡಳಿತದ ಕೈಯಲ್ಲಿದೆ. ಚರಂಡಿ, ಬೀದಿದೀಪ, ಕಸ ಪುರಸಭೆಯ ಪಾಲು. ಬಾರಿನ ಹಿಂದಿನ ಚರಂಡಿಯಲ್ಲಿ ಕಟ್ಟಿಕೊಂಡ ಪಾಕೀಟು ಬಳಿದು ತೆಗೆಯುವುದು ಪೌರಕಾರ್ಮಿಕರ ಪಾಲು. ಆ ಪಾಕೀಟಿನ ಸುಂಕ ನೇರ ಬೆಂಗಳೂರಿಗೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆ ವಹಿಸಬಹುದಾದ 29 ವಿಷಯಗಳಿವೆ, ಮದ್ಯ ಅದರಲ್ಲಿಲ್ಲ. ಅನುಸೂಚಿತ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗೆ 1996ರ ಪೆಸಾ ಕಾಯ್ದೆ ಮದ್ಯ ನಿಯಂತ್ರಿಸುವ ಅಧಿಕಾರ ಕೊಟ್ಟಿದೆ. ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೇ ಇಲ್ಲವಾದ್ದರಿಂದ ಅದೂ ನಮಗೆ ಸಲ್ಲದು.

ನಿಯಮಗಳೇ ಇಲ್ಲವೆಂದಲ್ಲ. ಶಾಲೆ, ಗುಡಿ, ಮಸೀದಿ, ಆಸ್ಪತ್ರೆ, ಸರ್ಕಾರಿ ಕಚೇರಿ, ಪರಿಶಿಷ್ಟರು ಹೆಚ್ಚಾಗಿ ವಾಸಿಸುವ ಕೇರಿ, ಇವುಗಳಿಂದ 100 ಮೀಟರ್ ದೂರವಿರಬೇಕು ಎಂದು 1967ರ ನಿಯಮಾವಳಿ ಹೇಳುತ್ತದೆ. ಅಳತೆ ಹೇಗೆ? ಬಾಗಿಲಿನಿಂದ ಬಾಗಿಲಿಗೆ, ಜನ ನಡೆದುಹೋಗುವ ದಾರಿಯಲ್ಲಿ. ಹಾಗಾದರೆ ಶಾಲೆಯ ಗೋಡೆಗೆ ಬೆನ್ನು ಹಚ್ಚಿದ ಕಟ್ಟಡಕ್ಕೂ ಬಾಗಿಲು ಆಚೆ ಬೀದಿಗೆ ತಿರುಗಿಸಿದರೆ ಅಳತೆ ಸರಿಹೋಗುತ್ತದೆ. ನಿಯಮ ಬರೆದವರಿಗಿಂತ ಬಾಗಿಲು ಇಡುವ ಮೇಸ್ತ್ರಿ ಜಾಣ.

ಹೆದ್ದಾರಿಯ ಕತೆ ಇನ್ನೂ ಸ್ವಾರಸ್ಯ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದಿತು. 2017ರ ಮಾರ್ಚ್‌ನಲ್ಲಿ ಸಣ್ಣ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿತು. ಜುಲೈನಲ್ಲಿ ನಗರಸಭೆ, ಪುರಸಭೆಗಳ ವ್ಯಾಪ್ತಿಗೆ ಈ ಆದೇಶ ಅನ್ವಯಿಸದು ಎಂದು ಸ್ಪಷ್ಟಪಡಿಸಿತು. ಕಾರಟಗಿಯಲ್ಲಿ ಗಂಗಾವತಿ–ಸಿಂಧನೂರು ರಸ್ತೆಯೇ ಊರು. ಸಂತೆ, ಬಸ್ ನಿಲ್ದಾಣ, ರೈಸ್‌ಮಿಲ್ಲು, ಲಾರಿ ಸಾಲು ಎಲ್ಲವೂ ಅದರ ಅಕ್ಕಪಕ್ಕ. ಪಂಚಾಯಿತಿಯಾಗಿದ್ದ ಊರು ಪುರಸಭೆಯಾಯಿತು, 2018ರಲ್ಲಿ ತಾಲ್ಲೂಕು ಆಯಿತು, ನಾವು ಪಟಾಕಿ ಹಚ್ಚಿದೆವು. ಊರಿಗೆ ಬಡ್ತಿ ಬಂದದ್ದರ ಜೊತೆಗೆ ಹೆದ್ದಾರಿ ಬದಿಯ ಬಾರಿಗೂ ಅಭಯ ಬಂದಿತ್ತೆಂದು ಆಗ ಯಾರಿಗೆ ಹೊಳೆದಿತ್ತು?

1992ರಿಂದೀಚೆಗೆ ಹೊಸ ವೈನ್‌ಶಾಪ್, ಬಾರ್ ಲೈಸೆನ್ಸ್ ಕೊಟ್ಟಿಲ್ಲ ಎಂದು ಸರ್ಕಾರ ಹೇಳಿಕೊಳ್ಳುತ್ತದೆ. ವೈನ್‌ಶಾಪಿನ ಸಿಎಲ್–2, ಬಾರಿನ ಸಿಎಲ್–9 ಲೈಸೆನ್ಸ್‌ಗಳ ಮಟ್ಟಿಗೆ ಅದು ದಿಟ. ಆದರೆ ಸಿಎಲ್–7 ಎಂಬ ಬಾಗಿಲು ತೆರೆದೇ ಇದೆ. ಇಂತಿಷ್ಟು ಕೋಣೆಯ ಲಾಡ್ಜ್ ಕಟ್ಟಿಸಿದರೆ ಬಾರ್ ತೆರೆಯಬಹುದು. ಸಣ್ಣ ಪಟ್ಟಣಗಳಲ್ಲಿ ಯಾತ್ರಿಕರೇ ಬರದ ಕಡೆ ವಸತಿಗೃಹಗಳು ಏಳುತ್ತಿರುವುದರ ಗುಟ್ಟು ಇದು. ಮೇಲೆ ಬೀಗ ಹಾಕಿದ ಕೋಣೆಗಳು, ಕೆಳಗೆ ಗಿಜಿಗುಡುವ ಮೇಜುಗಳು.

ವೈನ್ ವಿಷಯಕ್ಕೆ ಮಹಾರಾಷ್ಟ್ರವನ್ನು ನೆನೆದು ನಕ್ಕೆ. ಈಗ ಹೊಗಳುವ ಪಾಳಿ. ಅಲ್ಲಿ 2008ರ ಆದೇಶವೊಂದಿದೆ. ಹಳ್ಳಿಯ ಅಥವಾ ವಾರ್ಡಿನ ಕಾಲು ಭಾಗ ಮತದಾರರು ಇಲ್ಲವೇ ಕಾಲು ಭಾಗ ಮಹಿಳಾ ಮತದಾರರು ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಮತಚೀಟಿಯ ಮೇಲೆ ಎರಡು ಚಿತ್ರ, ನಿಂತ ಬಾಟಲಿ ಮತ್ತು ಅಡ್ಡ ಬಿದ್ದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಅರ್ಧ ಎಂದರೆ ಮತ ಹಾಕಿದವರಲ್ಲಿ ಅರ್ಧವಲ್ಲ, ಪಟ್ಟಿಯಲ್ಲಿರುವ ಎಲ್ಲರಲ್ಲಿ ಅರ್ಧ. ಸುಲಭದ ಗೆಲುವಲ್ಲ ಅದು. ಆದರೂ ಎಷ್ಟೋ ಊರುಗಳ ಹೆಣ್ಣುಮಕ್ಕಳು ಅದನ್ನು ದಾಟಿದ್ದಾರೆ. ಕೇರಳದಲ್ಲಿ ಇದಕ್ಕೆ ತಿರುವುಮುರುವು. ಅಂಗಡಿಗೆ ಸ್ಥಳೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮ ಅಲ್ಲಿತ್ತು. 2017ರಲ್ಲಿ ಎಡರಂಗ ಸರ್ಕಾರ ಸುಗ್ರೀವಾಜ್ಞೆ ತಂದು ಅದನ್ನು ಕಿತ್ತುಹಾಕಿತು. ಅಧಿಕಾರ ವಿಕೇಂದ್ರೀಕರಣಕ್ಕೆ ಹೆಸರಾದ ರಾಜ್ಯವೂ ಸುಂಕದ ಮಾತು ಬಂದಾಗ ಕೇಂದ್ರೀಕರಣಕ್ಕೇ ವಾಲಿತು.

ಪಂಚಾಯಿತಿಗೆ, ಪುರಸಭೆಗೆ ಅಧಿಕಾರ ಕೊಟ್ಟರೆ ಸಾಕೇ? ಇಲ್ಲಿ ನನ್ನ ಕಡೆಯವರ ಜೊತೆಗೇ ನನ್ನ ಜಗಳ. ಊರ ದೈವದ ಹೆಸರಿನಲ್ಲಿ ನಾಲ್ಕು ಜನ ಕೂತು, ಊರೊಳಗೆ ಪಾಕೀಟು ಮಾರುವ ಹಕ್ಕನ್ನು ಹರಾಜು ಹಾಕಿ, ಬಂದ ದುಡ್ಡನ್ನು ಗುಡಿಗೆ ಹಚ್ಚುವ ಪದ್ಧತಿ ನಮ್ಮ ಭಾಗಕ್ಕೆ ಹೊಸದಲ್ಲ. ಗೋಪುರಕ್ಕೆ ಬಣ್ಣ ಬರುತ್ತದೆ, ಪೊಲೀಸರಿಗೆ ದೂರು ಕೊಡಲು ಯಾರೂ ಮುಂದೆ ಬರುವುದಿಲ್ಲ. ಕೊಟ್ಟರೆ ದೈವದ ವಿರುದ್ಧ ನಿಂತ ಹಾಗೆ. ಇಂಥ ಕಡೆ ಲೈಸೆನ್ಸಿನ ಅಧಿಕಾರವನ್ನು ಸದಸ್ಯರ ಕೈ ಎತ್ತುವಿಕೆಗೆ ಬಿಟ್ಟರೆ ಬೆಂಗಳೂರಿನ ಲಂಚ ಊರಿಗೇ ಬರುತ್ತದೆ, ಅಷ್ಟೇ ಬದಲಾವಣೆ. ಅದಕ್ಕೇ ನಾನು ಕೇಳುವುದು ಸ್ಥಳೀಯ ಸಂಸ್ಥೆಯ ಠರಾವನ್ನಲ್ಲ, ಹೆಂಗಸರ ಗುಪ್ತ ಮತವನ್ನು. ಗಂಡ, ಮಾವ, ಮೇಟಿ, ಮಿಲ್ ಸಾಹುಕಾರ ಯಾರಿಗೂ ಕಾಣದ ಮತ. ಅಂಗಡಿ ತೆರೆಯುವ ಮುಂಚೆಯೇ ಅದು ನಡೆಯಬೇಕು, ತೆರೆದ ಮೇಲೆ ಮುಚ್ಚಿಸಲು ಚಪ್ಪಲಿ ಸವೆಸುವಂತಾಗಬಾರದು. ಮಹಾರಾಷ್ಟ್ರದ ಆದೇಶದ ಕೊರತೆ ಇದೇ.

ವ್ಯಾಪಾರದ ಹಕ್ಕಿಗೆ ಧಕ್ಕೆ ಬರುತ್ತದೆ ಎನ್ನುವವರಿಗೆ ಒಂದು ನೆನಪು. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ತೀರ್ಪು ಕೊಟ್ಟಿದೆ. ವಾದ ಗೆದ್ದದ್ದು ನಮ್ಮದೇ ಸರ್ಕಾರ. ಗೆದ್ದ ಅಧಿಕಾರವನ್ನು ಹರಾಜಿಗೆ ಬಳಸುತ್ತಿದೆ.

2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಹೆಂಗಸರು ಬೆಂಗಳೂರಿಗೆ ಹೊರಟರು. ರಾಯಚೂರು ಜಿಲ್ಲೆಯಲ್ಲಿ ಬೇರುಬಿಟ್ಟ ಮದ್ಯ ನಿಷೇಧ ಆಂದೋಲನದ ನಡಿಗೆ ಅದು. ಸುಮಾರು 200 ಕಿಲೋಮೀಟರ್. ದಾರಿಯಲ್ಲಿ ವಾಹನ ಬಡಿದು ಒಬ್ಬಾಕೆ ತೀರಿಕೊಂಡರು, ಉಳಿದವರು ನಡೆದರು, 30ರಂದು ರಾಜಧಾನಿ ಮುಟ್ಟಿದರು. ಆಗ ಮುಖ್ಯಮಂತ್ರಿಯಾಗಿದ್ದವರು ಎಚ್.ಡಿ. ಕುಮಾರಸ್ವಾಮಿ, 2007ರಲ್ಲಿ ಸಾರಾಯಿ ನಿಲ್ಲಿಸಿದವರು ಅವರೇ. ಆ ಹೆಂಗಸರು ಕೇಳಿದ್ದು ಪೂರ್ಣ ನಿಷೇಧ, ಸಿಗಲಿಲ್ಲ. ಅವರ ಗುರಿಯನ್ನು ನಾನು ಒಪ್ಪದಿರಬಹುದು. ಆದರೆ ತಮ್ಮ ಓಣಿಯ ಅಂಗಡಿಯ ಬಗ್ಗೆ ಒಂದು ಮಾತು ಹೇಳಲು 12 ದಿನ ನಡೆದು ವಿಧಾನಸೌಧಕ್ಕೇ ಹೋಗಬೇಕಾಯಿತು ಎಂಬುದನ್ನು ಮರೆಯಲಾರೆ.

ಕಾಯ್ದೆ ತಿದ್ದುವವರೆಗೆ ಕಾರಟಗಿ ಪುರಸಭೆ ಕೈಕಟ್ಟಿ ಕೂರಬೇಕಿಲ್ಲ. ಊರೊಳಗೆ ಯಾವ ಹೊಸ ಮದ್ಯದಂಗಡಿಯ ಅರ್ಜಿ ಬಂದಿದೆ, ಯಾವ ಕಟ್ಟಡಕ್ಕೆ, ಅಳತೆ ಯಾವ ಬಾಗಿಲಿನಿಂದ ಹಿಡಿದದ್ದು ಎಂದು ಜಿಲ್ಲಾಡಳಿತವನ್ನು ಬರವಣಿಗೆಯಲ್ಲಿ ಕೇಳಬಹುದು. ಬಂದ ಉತ್ತರವನ್ನು ವಾರ್ಡಿನ ನೋಟಿಸ್ ಬೋರ್ಡಿಗೆ ಅಂಟಿಸಬಹುದು. ಸುತ್ತಲಿನ ಪಂಚಾಯಿತಿಗಳು ಮುಂದಿನ ಗ್ರಾಮಸಭೆಯಲ್ಲಿ ಎರಡು ಬಾಟಲಿಯ ಚಿತ್ರದ ಚೀಟಿ ಹಂಚಿ, ಡಬ್ಬಿ ಇಟ್ಟು, ಹೆಂಗಸರ ಮತ ಎಣಿಸಿ ಕೊಪ್ಪಳಕ್ಕೆ ಕಳಿಸಬಹುದು. ಅದಕ್ಕೆ ಕಾನೂನಿನ ಬಲವಿಲ್ಲ ಎಂದು ಕಡತ ವಾಪಸ್ಸು ಬಂದೀತು. ಬರಲಿ, ಎಣಿಕೆ ಕಾಗದದ ಮೇಲೆ ಉಳಿಯುತ್ತದೆ. ಮತ ಕೇಳಲು ಬರುವವರ ಮುಂದೆ ಅದನ್ನು ಹಿಡಿಯಬಹುದು. ಕಾರಟಗಿ ಇರುವ ಕನಕಗಿರಿ ಕ್ಷೇತ್ರದ ಶಾಸಕರು ಈಗ ಸಂಪುಟದಲ್ಲೂ ಇದ್ದಾರೆ, ಹಿಡಿಯಲು ಬಹಳ ದೂರ ಹೋಗಬೇಕಿಲ್ಲ.

ಚೀಟಿ ಅಚ್ಚು ಹಾಕಿಸುವ ಖರ್ಚು ಎಷ್ಟಾದೀತೆಂದು ಲೆಕ್ಕ ಹಾಕಿದೆ. ಒಂದು ಪಂಚಾಯಿತಿಗೆ, ಡಬ್ಬಿ ಅಂಗಡಿಯೊಂದರ ಎರಡು ದಿನದ ಪಾಕೀಟು ವ್ಯಾಪಾರಕ್ಕಿಂತ ಕಡಿಮೆ.